ಎಡಗಡೆಯ ಕೆಳಮೂಲೆ

ನನ್ನ ಹಳೆಯ ಹದಿನೇಳು ಇಂಚಿನ ಮಾನಿಟರಿನ ಅಗಲ ಮೂವತ್ತನಾಲ್ಕು ಸೆಂಟಿಮೀಟರಿಗೆ ಮೂರು ಮಿಲಿಮೀಟರು ಕಡಿಮೆ. ನಾನು ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಜೋಡಿಸುವ ಶಾಲಾ ಪುಸ್ತಕದ ಒಂದು ಪುಟದ ಅಗಲ ಹದಿನೆಂಟು. ಎದುರುಬದುರಿನ ಎರಡು ಪುಟಗಳನ್ನು ನಿಜವಾದ ಅಳತೆಯಲ್ಲಿ ಒಟ್ಟಿಗೆ ನೋಡಬೇಕೆಂದರೆ ಮೂವತ್ತಾರು ಬೇಕು. ನನ್ನ ಎರಡು ತಪ್ಪುಗಳೂ ಆ ಸುಮಾರು ಎರಡೂಕಾಲು ಸೆಂಟಿಮೀಟರಿನ ಕೊರತೆಯಿಂದಲೇ ಆದವು ಎಂದು ನಾನು ತೀರ್ಮಾನಿಸಿದ್ದೆ.

ಮೊದಲನೆಯದು ವಿಜ್ಞಾನದ ಪುಸ್ತಕದಲ್ಲಿ. ನಲವತ್ತೆರಡನೇ ಪುಟಕ್ಕೆ ಸಂಖ್ಯೆಯೇ ಇಲ್ಲದೆ ಅಚ್ಚಾಗಿ ಹೋಯಿತು. ಎರಡನೆಯದು ಗಣಿತದ್ದು. ನೂರ ಹದಿನೆಂಟರ ಜಾಗದಲ್ಲಿ ನೂರ ಎಂಟು ಎಂದಿತ್ತು. ಅದನ್ನು ಮಷಿನ್ ಓಡಿಸುವವನು ಕಂಡುಹಿಡಿದ. ಅಂದು ಸಂಜೆ ಮುದ್ರಣಾಲಯದ ಯಜಮಾನರು ಫೋನು ಮಾಡಿದರು.

"ನೋಡಮ್ಮ, ಹನ್ನೊಂದು ವರ್ಷ ನಿಮ್ಮ ಪುಟಗಳನ್ನ ತಿರುಗಿಯೂ ನೋಡದೆ ಅಚ್ಚಿನ ಪ್ಲೇಟಿಗೆ ಹಾಕಿದೀನಿ. ಈಗ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರೋ ವಯಸ್ಸಲ್ಲ ನಂದು. ಇನ್ನೊಂದು ಸಲ ಹೀಗಾದ್ರೆ ಕೆಲಸ ಬೇರೆಯವರಿಗೆ ಕೊಡಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

"ಇಲ್ಲ ಸಾರ್" ಎಂದೆ.

ಬೇಜಾರು ಆಗಿರಲೂ ಇಲ್ಲ. ನನಗಿರುವುದು ಇದೊಂದೇ ಕೆಲಸ, ಇವರೊಬ್ಬರೇ ಯಜಮಾನರು. ಹೆದರಿಕೆಯಾಗಬೇಕಿತ್ತು. ಫೋನು ಇಟ್ಟು ಸ್ವಲ್ಪ ಹೊತ್ತು ಕಾದೆ. ಅದು ಬರಲಿಲ್ಲ. ಪಾತ್ರೆ ತೊಳೆದೆ. ಆಮೇಲೆ ಒಂದು ಹಾಳೆ ತೆಗೆದುಕೊಂಡು ಅಡ್ಡಗೆರೆ ಉದ್ದಗೆರೆ ಎಳೆದು, ಕೈಗೆಟುಕುವ ಬೆಲೆಯ ಅಗಲದ ಮಾನಿಟರುಗಳ ಪಟ್ಟಿ ಮಾಡಲು ಕುಳಿತೆ.

ಅಂಗಡಿಯವರು ಇಂಚಿನಲ್ಲಿ ಹೇಳುವುದು ಕರ್ಣದ ಅಳತೆ, ಒಂದು ಮೂಲೆಯಿಂದ ಎದುರು ಮೂಲೆಗೆ. ಒಂದೇ ಕರ್ಣವಿರುವ ಎರಡು ಪರದೆಗಳಲ್ಲಿ ಅಗಲ ಹೆಚ್ಚಾದಂತೆ ಎತ್ತರ ಇಳಿಯುತ್ತದೆ, ವಿಸ್ತೀರ್ಣವೂ ಇಳಿಯುತ್ತದೆ. ಆದ್ದರಿಂದ ನಾನು ಪ್ರತಿಯೊಂದರ ಅಗಲ, ಎತ್ತರಗಳನ್ನು ಲೆಕ್ಕ ಹಾಕಿ ಬರೆದೆ. ಪಕ್ಕದಲ್ಲಿ ಒಂದು ಸೆಂಟಿಮೀಟರಿಗೆ ಎಷ್ಟು ಚುಕ್ಕೆಗಳು, ಸ್ಟ್ಯಾಂಡು ಎಷ್ಟು ಏರುತ್ತದೆ, ಎಷ್ಟು ವರ್ಷದ ಗ್ಯಾರಂಟಿ. ಐದು ದಿನದಲ್ಲಿ ಹತ್ತೊಂಬತ್ತು ಸಾಲುಗಳಾದವು.

ಭಾನುವಾರ ತಮ್ಮ ಬಂದ. ಅವನು ಲಿಫ್ಟ್ ರಿಪೇರಿ ಮಾಡುವವನು. ವಾರವಿಡೀ ಕತ್ತಲ ಗುಂಡಿಯಲ್ಲಿ ತಲೆಯೆತ್ತಿ ನಿಲ್ಲುವುದರಿಂದ ರಜೆಯ ದಿನ ಯಾರನ್ನಾದರೂ ರೇಗಿಸದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ.

"ಸ್ಕೇಲಕ್ಕಾ, ಮದುವೆಗೆ ಮುಂಚೆ ಭಾವನನ್ನೂ ಹೀಗೇ ಅಳೆದಿದ್ಯಾ?"

"ಇಲ್ಲ. ಅದಕ್ಕೇ ಈಗ ಅಳೀತಿರೋದು."

ಅವನು ನಕ್ಕ. ಅವನ ಭಾವ ನನ್ನನ್ನು ಬಿಟ್ಟು ಹೋಗಿ ಒಂಬತ್ತು ವರ್ಷವಾಗಿದೆ. ಅದು ನಗೆಗೆ ಸಿಗುವಷ್ಟು ಹಳತಾಗಿದೆ.

"ನಿಜ ಹೇಳ್ಲಾ? ಹನ್ನೊಂದು ವರ್ಷ ಇದೇ ಡಬ್ಬದಲ್ಲಿ ಕೆಲಸ ಮಾಡಿದೀಯ. ಈಗ ಇದ್ದಕ್ಕಿದ್ದ ಹಾಗೆ ಇದು ಚಿಕ್ಕದಾಯ್ತಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕಿದೆಯೋ ಇಲ್ವೋ ಅಂತ ಅಳೆದೇ ಹೇಳ್ತಿದೀನಿ. ಎರಡೂಕಾಲು ಸೆಂಟಿಮೀಟರು."

"ಅಳೆದೂ ಸುರಿದೂ ನೋಡಿದ್ದಾಯ್ತಲ್ಲ, ಏಳು. ನಮ್ಮ ಕೆಲಸದ ಕಡೆ ಒಬ್ಬರು ಇದಾರೆ, ವಾಪಸ್ ಬಂದ ಮಾಲನ್ನೇ ಮಾರ್ತಾರೆ. ಮಾತು ಜಾಸ್ತಿ, ಬೆಲೆ ಕಡಿಮೆ."

ಏಳುವಾಗ ಟೀಪಾಯಿಯ ಮೇಲಿದ್ದ ಲೋಟಕ್ಕೆ ಎಡಗೈ ತಗುಲಿ ಚಹಾ ಚೆಲ್ಲಿತು. ಆ ವಾರದಲ್ಲಿ ಅದು ಮೂರನೇ ಲೋಟ.

ಅಂಗಡಿ ಒಂದು ಔಷಧದ ಅಂಗಡಿಗೂ ಬೀಗ ಮಾಡುವವನಿಗೂ ನಡುವೆ ಇತ್ತು, ಓಣಿಯಷ್ಟೇ ಕಿರಿದಾಗಿ. ಬಾಗಿಲ ಎಡಕ್ಕಿದ್ದ ರಟ್ಟಿನ ಪೆಟ್ಟಿಗೆಗೆ ನನ್ನ ಮೊಣಕಾಲು ಬಡಿಯಿತು. ಒಳಗೆ ಗೋಡೆಯುದ್ದಕ್ಕೂ ಮಾನಿಟರುಗಳು, ಹೆಚ್ಚಿನವು ಕಪ್ಪಾಗಿ. ಅಂಗಡಿಯವರು ಅರವತ್ತು ದಾಟಿದವರು, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ನನ್ನ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಇಳಿಸಿದರು.

"ಏನು ಕೆಲಸ ಮೇಡಂ ನಿಮ್ದು?"

ಹೇಳಿದೆ.

"ಹಾಗಾದ್ರೆ ಈ ಹತ್ತೊಂಬತ್ತರಲ್ಲಿ ಹದಿನಾರು ಬಿಟ್ಟುಬಿಡಿ. ಅವೆಲ್ಲ ಆಟ ಆಡೋರಿಗೆ. ಬನ್ನಿ, ಇದನ್ನ ನೋಡಿ." ಇಪ್ಪತ್ತೊಂಬತ್ತು ಇಂಚಿನದೊಂದರ ಮೇಲಿನ ಬಟ್ಟೆ ಸರಿಸಿದರು. ಅಗಲ ಅರವತ್ತೆಂಟು, ಎತ್ತರ ಇಪ್ಪತ್ತೆಂಟೂವರೆ. ಎರಡು ಪುಟಗಳನ್ನಿಟ್ಟರೂ ಪಕ್ಕದಲ್ಲಿ ಮೂವತ್ತೆರಡು ಸೆಂಟಿಮೀಟರು ಉಳಿಯುತ್ತದೆ. "ಒಬ್ರು ತಗೊಂಡು ಹೋಗಿ, ಮೇಜಿನ ಮೇಲೆ ಹಿಡಿಸಲಿಲ್ಲ ಅಂತ ಎರಡೇ ದಿನಕ್ಕೆ ವಾಪಸ್ ತಂದ್ರು. ಮಾಲಿನಲ್ಲಿ ದೋಷ ಇಲ್ಲ. ಅವರು ಮೇಜು ಅಳೆದಿರಲಿಲ್ಲ, ಅಷ್ಟೇ."

"ನಮ್ಮಕ್ಕ ಮೇಜು, ಗೋಡೆ, ನನ್ನನ್ನ, ಎಲ್ಲಾನೂ ಅಳೆದಾಗಿದೆ" ಎಂದ ತಮ್ಮ.

"ಅದು ಸರಿ, ಕಣ್ಣು ಅಳೆದಿರಲ್ವಲ್ಲ. ಕೂತ್ಕೊಳ್ಳಿ ಮೇಡಂ. ಅಗಲದ್ದು ಕೊಳ್ಳೋರಿಗೆಲ್ಲ ನಾನು ಇದೊಂದು ಆಟ ಆಡಿಸ್ತೀನಿ."

ಅವರ ಆಟ ಸರಳವಾಗಿತ್ತು. ಕಪ್ಪು ಪರದೆಯ ನಡುವೆ ಒಂದು ಸಣ್ಣ ಅಧಿಕ ಚಿಹ್ನೆ. ಕೊಳ್ಳುವವರು ಒಂದು ತೋಳಿನ ದೂರದಲ್ಲಿ ಕುಳಿತು ಅದನ್ನೇ ನೋಡುತ್ತಿರಬೇಕು. ಉಗುರಿನಷ್ಟಿರುವ ಬಿಳಿ ಚೌಕವೊಂದು ಪರದೆಯ ಅಂಚಿನಲ್ಲೇ ನಿಧಾನವಾಗಿ ಒಂದು ಸುತ್ತು ಬರುತ್ತದೆ. ತಲೆ ತಿರುಗಿಸದೆ, ಕಣ್ಣು ಕದಲಿಸದೆ, ಅದು ಉದ್ದಕ್ಕೂ ಕಾಣುತ್ತಿದ್ದರೆ ಆ ದೂರಕ್ಕೆ ಆ ಅಗಲ ಸರಿ. ಕಾಣದಿದ್ದರೆ ಪರದೆ ದೊಡ್ಡದಾಯಿತು, ಚಿಕ್ಕದು ಕೊಳ್ಳಿ ಎನ್ನುತ್ತಾರೆ.

"ಇದರಿಂದ ನಂಗೆ ಎಷ್ಟೋ ವ್ಯಾಪಾರ ಕಡಿಮೆಯಾಗಿದೆ. ಆದ್ರೆ ವಾಪಸ್ ತರೋರೂ ಕಡಿಮೆಯಾಗಿದಾರೆ" ಎಂದರು.

ಚೌಕ ಮೇಲಿನ ನಡುವಿನಿಂದ ಹೊರಟು ಬಲಕ್ಕೆ ಹೋಯಿತು, ಬಲ ಅಂಚಿನಲ್ಲಿ ಇಳಿಯಿತು, ಕೆಳಗಿನ ಅಂಚಿನಲ್ಲಿ ಎಡಕ್ಕೆ ತಿರುಗಿತು. ಅರ್ಧ ದಾಟುತ್ತಿದ್ದಂತೆ ಆರಿಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಎಡ ಅಂಚಿನ ನಡುಭಾಗದಲ್ಲಿ ಮತ್ತೆ ಕಾಣಿಸಿತು.

"ಇದು ಕೆಟ್ಟಿದೆ" ಎಂದೆ. "ಎಡಗಡೆ ಕೆಳಮೂಲೆ ಉರೀತಿಲ್ಲ."

"ಉರೀತಿತ್ತಲ್ಲ" ಎಂದ ತಮ್ಮ.

ಅಂಗಡಿಯವರು ಮತ್ತೊಮ್ಮೆ ಓಡಿಸಿದರು. ಅದೇ ಜಾಗದಲ್ಲಿ ಹೋಯಿತು, ಅದೇ ಜಾಗದಲ್ಲಿ ಬಂತು. ಅಂಗಡಿಯವರು ಅದನ್ನು ಬದಿಗಿಟ್ಟು, ಪೆಟ್ಟಿಗೆ ಒಡೆದು ಇಪ್ಪತ್ತೇಳು ಇಂಚಿನ ಹೊಸದೊಂದನ್ನು ತಂತಿಗೆ ಸಿಕ್ಕಿಸಿದರು. ಅಲ್ಲೂ ಎಡಗಡೆಯ ಕೆಳಮೂಲೆ. ಮೂರನೆಯದು ಅವರು ಲೆಕ್ಕ ಬರೆಯಲು ಇಟ್ಟುಕೊಂಡ ಅವರದೇ ಮಾನಿಟರು. ಅಲ್ಲೂ ಅದೇ.

ಒಂದು ಪರದೆಯಲ್ಲಿ ಒಂದು ಮೂಲೆ ಸಾಯಬಹುದು. ಬೇರೆ ಬೇರೆ ಕಡೆ ತಯಾರಾದ ಮೂರರಲ್ಲಿ ಒಂದೇ ಮೂಲೆ ಸಾಯುವುದು ಆಗದ ಮಾತು. ಮೂರರಲ್ಲೂ ಬದಲಾಗದೆ ಉಳಿದ ವಸ್ತು ಯಾವುದು ಎಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೇಳುತ್ತಿದ್ದರು. ಕುರ್ಚಿ, ತಂತಿ, ಮತ್ತು ನಾನು. ಕುರ್ಚಿ ಬದಲಾಯಿಸಲು ಹೇಳಿದೆ. ತಂತಿಯನ್ನೂ ಬದಲಾಯಿಸಿದರು. ಮೂಲೆ ಆಗಲೂ ಕಾಣಲಿಲ್ಲ.

ಆಮೇಲೆ ನಾನೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆಟವನ್ನು ಎರಡು ಸಲ ಆಡಿದೆ, ಒಂದೊಂದು ಕಣ್ಣಿಗೆ ಒಂದು ಸಲ. ಎರಡು ಕಣ್ಣಿಗೂ ಒಂದೇ ಕಡೆ. ಅದನ್ನು ಪಟ್ಟಿಯ ಹಿಂಬದಿಯಲ್ಲಿ ಗಡಿಯಾರದ ಮುಖದ ಹಾಗೆ ಬರೆದುಕೊಂಡೆ: ಆರೂವರೆಯಿಂದ ಒಂಬತ್ತರವರೆಗೆ ಇಲ್ಲ.

ನಲವತ್ತೆರಡು. ನೂರ ಹದಿನೆಂಟು. ಎರಡೂ ಸಮಸಂಖ್ಯೆ, ಎರಡೂ ಎಡಗಡೆಯ ಪುಟ. ನಮ್ಮ ಪುಸ್ತಕಗಳಲ್ಲಿ ಎಡಪುಟದ ಸಂಖ್ಯೆ ಬರುವುದು ಎಡಗಡೆಯ ಕೆಳಮೂಲೆಯಲ್ಲಿ. ಲೋಟ, ರಟ್ಟಿನ ಪೆಟ್ಟಿಗೆ, ಆಗಾಗ ಕಾಲಿಗೆ ಬಡಿಯುತ್ತಿದ್ದ ಮಂಚದ ಅಂಚು, ಓದುವಾಗ ಆಗಾಗ ತಪ್ಪುತ್ತಿದ್ದ ಮುಂದಿನ ಸಾಲಿನ ಮೊದಲ ಪದ.

"ಮೇಡಂ, ನೀರು ಕೊಡ್ಲಾ?" ಎಂದರು ಅಂಗಡಿಯವರು.

"ಬೇಡ. ಈ ಇಪ್ಪತ್ತೊಂಬತ್ತು ಇಂಚಿಂದು ಎಷ್ಟು ದಿನ ಇಟ್ಟಿರ್ತೀರಿ?"

"ನಿಮಗೋಸ್ಕರ ಎರಡು ವಾರ ಇಡ್ತೀನಿ. ಮೊದಲು ಹೋಗಿ ತೋರಿಸ್ಕೊಂಡು ಬನ್ನಿ."

ದಾರಿಯುದ್ದಕ್ಕೂ ತಮ್ಮ ನನ್ನ ಎಡಗಡೆಯಲ್ಲೇ ನಡೆದ. ಬಸ್ಸು ನಿಲ್ಲುವ ಜಾಗದಲ್ಲಿ, "ಅಕ್ಕಾ, ನೆಲ ಡೊಂಕು ಅಂತ ಅಂದೆನಲ್ಲ..." ಎಂದು ಶುರುಮಾಡಿದ.

"ಗಾದೆ ಸರಿಯಾಗೇ ಇದೆ. ನೆಲ ನೆಟ್ಟಗಿದೆ" ಎಂದೆ.

ಅವನು ನಗಲಿಲ್ಲ. ನನಗೂ ನಗೆ ಬಂದಿರಲಿಲ್ಲ, ಬೇರೆ ಏನೂ ಬಂದಿರಲಿಲ್ಲ.

ಕಣ್ಣಿನ ಡಾಕ್ಟರು ಎರಡೂ ಕಣ್ಣು ಚೆನ್ನಾಗಿವೆ ಎಂದು ನರರೋಗದ ಡಾಕ್ಟರ ಬಳಿ ಕಳಿಸಿದರು. ಅವರು ಯಂತ್ರದೊಳಗೆ ಮಲಗಿಸಿ ತಲೆಯ ಚಿತ್ರ ತೆಗೆಸಿದರು. ಮಿದುಳಿನ ಹಿಂಬದಿಯಲ್ಲಿ, ಎಡಗಡೆಯದನ್ನು ಕಾಣಿಸುವ ಬಲಭಾಗದೊಳಗೆ, ಹುರುಳಿಕಾಳಿನಷ್ಟು ಜಾಗದಲ್ಲಿ ಯಾವಾಗಲೋ ರಕ್ತ ನಿಂತುಹೋಗಿತ್ತು.

"ನಾಲ್ಕೈದು ತಿಂಗಳಾಗಿರಬಹುದು. ಏನಾದ್ರೂ ನೆನಪಿದೆಯಾ?"

ಒಂದು ಮಧ್ಯಾಹ್ನ ತಲೆನೋವೆಂದು ಎರಡು ಗಂಟೆ ಮಲಗಿದ್ದು ನೆನಪಿತ್ತು. ಎದ್ದು ಏಳನೇ ಅಧ್ಯಾಯ ಮುಗಿಸಿದ್ದೆ.

"ಕಪ್ಪಗೆ ಯಾಕೆ ಕಾಣಲ್ಲ ಡಾಕ್ಟ್ರೇ? ಅಲ್ಲಿ ಏನೂ ಇಲ್ಲ ಅಂತಾನೂ ನಂಗೆ ಗೊತ್ತಾಗ್ತಿರಲಿಲ್ಲ."

"ನಿಮ್ಮ ಬೆನ್ನ ಹಿಂದೆ ಈಗ ಕಪ್ಪಗಿದೆಯಾ?"

ಇಲ್ಲ. ಅಲ್ಲಿ ಏನೂ ಇಲ್ಲ, ಅಷ್ಟೇ.

ಮಾತ್ರೆ ಬರೆದುಕೊಟ್ಟರು. ಮತ್ತೆ ಹಾಗಾಗದಿರಲು ಅವು. ಹೋದದ್ದು ಬರುವ ಭರವಸೆ ಅವರು ಕೊಡಲಿಲ್ಲ. ಹೇಳಿದ್ದು ಒಂದೇ ಉಪಾಯ: "ಕಣ್ಣು ಒಂದೇ ಕಡೆ ಇಟ್ಟು ನೋಡ್ಬೇಡಿ. ತಲೆ ತಿರುಗಿಸಿ. ಎಡಕ್ಕೆ ಪೂರ್ತಿ ಹೋಗಿ, ಕೆಳಗೆ ಇಳಿದು, ಅಲ್ಲಿಂದ ಶುರುಮಾಡಿ. ನೇರ ನೋಡಿದ್ದು ನಿಮಗೆ ಕಂಡೇ ಕಾಣತ್ತೆ."

ಮನೆಗೆ ಬಂದು ಹಳೆಯ ಮಾನಿಟರಿನ ಎದುರು ಕುಳಿತೆ. ಒಂದೇ ನೋಟಕ್ಕೆ ಇಡೀ ಪರದೆ ಕಾಣುತ್ತಿತ್ತು, ಅಥವಾ ಕಾಣುತ್ತಿದೆ ಎಂದು ನನಗೆ ಅನಿಸುತ್ತಿತ್ತು. ತಲೆ ತಿರುಗಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಹಾಗಾಗಿ ನಾಲ್ಕು ತಿಂಗಳಲ್ಲಿ ಒಮ್ಮೆಯೂ ಸಂಶಯ ಬಂದಿರಲಿಲ್ಲ. ನನ್ನ ಕಣ್ಣು ನನಗೆ ಸುಳ್ಳು ಹೇಳಲು ಚಿಕ್ಕ ಪರದೆ ಅನುಕೂಲವಾಗಿತ್ತು. ತಲೆ ತಿರುಗಿಸಬೇಕಾದರೆ ಪರದೆ ದೊಡ್ಡದಾಯಿತು ಎಂಬುದು ಅಂಗಡಿಯವರ ನಿಯಮ. ನನಗೆ ಬೇಕಾದದ್ದು ತಲೆ ತಿರುಗಿಸದೆ ವಿಧಿಯಿಲ್ಲದಷ್ಟು ದೊಡ್ಡದು.

ಆದರೆ ಕೊಳ್ಳುವ ಮೊದಲು ಕೆಲಸ ಉಳಿದಿದೆಯೋ ಇಲ್ಲವೋ ತಿಳಿಯಬೇಕಿತ್ತು. ಯಜಮಾನರಿಗೆ ಹೇಳದೆ ಇರಬಹುದಿತ್ತು. ತಮ್ಮ ಅದನ್ನೇ ಹೇಳಿದ. "ಗುಟ್ಟಾಗಿಟ್ಟರೆ ಅವರಿಗೇನು ಗೊತ್ತಾಗತ್ತೆ?" ಎಂದ. ಹನ್ನೊಂದು ವರ್ಷ ತಿರುಗಿ ನೋಡದೆ ಪ್ಲೇಟಿಗೆ ಹಾಕಿದವರು ಅವರು. ಫೋನು ಮಾಡಿ ಎಲ್ಲವನ್ನೂ ಆದ ಕ್ರಮದಲ್ಲಿ ಹೇಳಿದೆ. ಹಿಂದೆ ಮಷಿನ್ ಓಡುವ ಸದ್ದು ಕೇಳುತ್ತಿತ್ತು. ಅವರು ಬಾಗಿಲು ಹಾಕಿರಬೇಕು, ಸದ್ದು ನಿಂತಿತು.

"ಊಟ ಮಾಡ್ತಿದೀರಾ ಸರಿಯಾಗಿ?"

"ಮಾಡ್ತಿದೀನಿ ಸಾರ್."

"ಏನಮ್ಮ ನೀವು, ಟೈಮ್ ಟೇಬಲ್ ಓದಿದ ಹಾಗೆ ಹೇಳ್ತೀರಲ್ಲ. ನಾನು ವ್ಯಾಪಾರಸ್ಥ. ಪರವಾಗಿಲ್ಲ ಬಿಡಿ ಅಂತ ಬಾಯಿಮಾತಿಗೆ ಹೇಳಲ್ಲ. ಭೂಗೋಳದ ಪುಸ್ತಕ ಇದೆ, ನೂರ ಅರವತ್ತು ಪುಟ. ಮಾಡಿ. ಪ್ಲೇಟಿಗೆ ಹೋಗೋ ಮುಂಚೆ ನನ್ನ ಸೊಸೆ ಪ್ರತಿ ಪುಟ ನೋಡ್ತಾಳೆ. ಎಡಗಡೆ ಒಂದೇ ಒಂದು ತಪ್ಪು ಸಿಕ್ಕರೂ ಇಲ್ಲಿಗೆ ಮುಗೀತು. ಆಗಬಹುದಾ?"

"ಆಗಬಹುದು."

ಇಪ್ಪತ್ತೊಂಬತ್ತು ಇಂಚಿನದನ್ನು ತಮ್ಮನೇ ಹೊತ್ತು ತಂದ. ನಾನು ಬೇಡವೆಂದರೂ ಅಂಗಡಿಯವರು ಒಂದಿಷ್ಟು ಬೆಲೆ ಇಳಿಸಿದ್ದರು. ಪರದೆಯ ಎಡ ಅಂಚಿನುದ್ದಕ್ಕೂ ಕೆಂಪು ಟೇಪು ಅಂಟಿಸಿದೆ, ಮೇಲಿನಿಂದ ಕೆಳಮೂಲೆಯವರೆಗೆ. ಕೆಂಪು ಕಾಣುವವರೆಗೆ ಎಡಕ್ಕೆ ತಿರುಗಬೇಕು, ಕೆಂಪು ಮುಗಿಯುವವರೆಗೆ ಇಳಿಯಬೇಕು, ಆಮೇಲೆ ಓದಬೇಕು. ಪುಟಗಳನ್ನು ಆ ಅಂಚಿಗೆ ತಾಗಿಸಿ ಇಟ್ಟೆ. ಮೊದಲ ದಿನ ಆರು ಪುಟ ಆಯಿತು, ಸಂಜೆಗೆ ಕುತ್ತಿಗೆ ಬಿಗಿಯಿತು. ಮುಂಚೆ ಇಪ್ಪತ್ತು ಮಾಡುತ್ತಿದ್ದೆ. ಮೂರನೇ ವಾರಕ್ಕೆ ಹನ್ನೆರಡಕ್ಕೆ ಬಂದೆ. ಎಡಪುಟದ ಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ತಮ್ಮ ಒಂದು ಭಾನುವಾರ ಬಾಗಿಲಲ್ಲಿ ನಿಂತು ಕೇಳಿ, "ಎರಡರ ಮಗ್ಗಿ ಇನ್ನೂ ಬಾಯಿಗೆ ಬಂದಿಲ್ವಾ?" ಎಂದ. ಅವನ ರೇಗಿಸುವಿಕೆ ಮರಳಿತ್ತು.

ಪುಟಗಳನ್ನು ಕಳಿಸಿ ಎಂಟು ದಿನ ಉತ್ತರವಿರಲಿಲ್ಲ. ಒಂಬತ್ತನೇ ದಿನ ಒಂದು ಲಕೋಟೆ ಬಂತು. ಒಳಗೆ ಒಂದೇ ಹಾಳೆ, ತೊಂಬತ್ತೊಂದನೇ ಪುಟ. ಮೇಲ್ಗಡೆ 'ಜ್ವಾಲಾಮುಖಿ' ಎಂಬಲ್ಲಿ 'ಜ್ವಾಲಮುಖಿ' ಎಂದಾಗಿತ್ತು. ಅದರ ಸುತ್ತ ಪೆನ್ಸಿಲ್ಲಿನ ಸೊನ್ನೆ. ಕೆಳಗೆ ದುಂಡನೆಯ ಅಕ್ಷರದಲ್ಲಿ ಸೊಸೆ ಬರೆದಿದ್ದರು: "ಇದೊಂದೇ ಸಿಕ್ಕಿದ್ದು. ಎಡಪುಟಗಳಲ್ಲಿ ಏನೂ ಇಲ್ಲ. ಮಾವನವರು ಮುಂದಿನ ಪುಸ್ತಕ ಸೋಮವಾರ ಕಳಿಸುತ್ತಾರಂತೆ."

ತೊಂಬತ್ತೊಂದು ಬೆಸಸಂಖ್ಯೆ. ಬಲಗಡೆಯ ಪುಟ, ಮೇಲಿನಿಂದ ನಾಲ್ಕನೇ ಸಾಲು. ನನಗೆ ಚೆನ್ನಾಗಿ ಕಾಣುವ ಜಾಗ. ಅಲ್ಲಿ ನಾನು ಸುಮ್ಮನೆ ತಪ್ಪಿದ್ದೆ, ಯಾರು ಬೇಕಾದರೂ ತಪ್ಪುವ ಹಾಗೆ. ಹಾಳೆಯನ್ನು ಹಿಡಿದುಕೊಂಡೇ ನಿಂತಿದ್ದೆ. ಸೊಸೆಯ ಮೂರು ವಾಕ್ಯಗಳನ್ನು ಮತ್ತೆ ಮತ್ತೆ ಓದಿದೆ. ಎರಡು ತಿಂಗಳ ಹಿಂದೆ ಕಾದಿದ್ದ ಹೆದರಿಕೆ ಈಗ ಬಂದಿರಬೇಕು. ಬರಲಿ ಎಂದು ಕುರ್ಚಿಯಲ್ಲಿ ಕುಳಿತು, ತಲೆಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಕೆಂಪು ಕಂಡ ಮೇಲೆ ಆ ಒಂದು ದೀರ್ಘವನ್ನು ತಿದ್ದಿದೆ.