ಕೆಂಪು ದಾರ

ಕರಕ್, ಕರಕ್ — ಹಿಮ ಗಟ್ಟಿಯಾಗಿದೆ, ಇಳಿಜಾರಿಗೆ ಬಿಸಿಲು ತಾಕಲು ಇನ್ನೂ ಹೊತ್ತಿದೆ, ದಾಟಬಹುದು, ದಾಟಲೇಬೇಕು, ಆಚೆ ಊರಿನಲ್ಲಿ ಮಗಳು ನಾಜಿಕ್‌ಗೆ ನಿನ್ನೆಯೇ ಹೆರಿಗೆ ನೋವು ಶುರುವಾಗಿದೆಯಂತೆ, ಎಂದುಕೊಳ್ಳುತ್ತಾಳೆ ಉಲ್ಕಾನ್, ಬೆಣ್ಣೆಯ ಪೊಟ್ಟಣ ಎದೆಗೆ ಒತ್ತುತ್ತಿದೆ, ಮುಂದೆ ಮೈದುನ ಎಸೆನ್, ಅವಳಿಗೆ ಎಟುಕಲೆಂದು ಹೆಜ್ಜೆಗಳನ್ನು ಬೇಕೆಂದೇ ಚಿಕ್ಕದಾಗಿ ಇಡುತ್ತಾನೆ, ಅದನ್ನು ಹೇಳುವುದಿಲ್ಲ, ಬಾಯಲ್ಲಿ ಮಾತ್ರ ಅತ್ತಿಗೆ, ಬಾತುಕೋಳಿ ಥರ ನಡೀಬೇಡಿ, ಅಣ್ಣನ ಮೆಟ್ಟಿನ ಮಾನ ಹೋಗುತ್ತೆ. ಹೌದು, ಹಿಮದಲ್ಲಿ ಕಾಲು ಹೂಳದಂತೆ ಕಟ್ಟಿಕೊಳ್ಳುವ ಇವು ಬೈಶೆನ್‌ನ ಹಿಮಮೆಟ್ಟುಗಳು, ಗಂಡ ತಾನೇ ಬಗ್ಗಿಸಿದ ಜೂನಿಪರ್ ಕೊಂಬೆ, ತಾನೇ ಹೆಣೆದ ಯಾಕ್ ಮೃಗದ ತೊಗಲು, ನಾಲ್ಕು ವರ್ಷ ಎಸೆನ್‌ನ ಅಟ್ಟದಲ್ಲಿದ್ದವು, ಅವಳವು ಮುರಿದಿವೆಯೆಂದು ಇಂದು ಹೊಸ ಬಾರು ಹಾಕಿ ತಂದಿದ್ದಾನೆ.

ಇಳಿಜಾರಿನ ಅಂಚು, ಇಲ್ಲಿ ಮಾತಿಲ್ಲ, ಒಬ್ಬೊಬ್ಬರೇ ದಾಟಬೇಕು, ಬಾರನ್ನು ಎಳೆದರೆ ಕಳಚುವ ಒಂದೇ ಕುಣಿಕೆಗೆ ಸಡಿಲಿಸಬೇಕು, ಹಿಮ ಜಾರಿ ಬಂದರೆ ಮೆಟ್ಟನ್ನು ಒದ್ದು ಬಿಡಬೇಕು, ಇಲ್ಲದಿದ್ದರೆ ಅದೇ ಕಾಲು ಹಿಡಿದು ಒಳಗೆಳೆಯುತ್ತದೆ — ಗೊತ್ತಿತ್ತು, ಹುಟ್ಟಿದಾಗಿನಿಂದ ಗೊತ್ತಿತ್ತು, ಆದರೂ ಅಂದು ಬೈಶೆನ್‌ನ ಬೆರಳುಗಳು ಚಳಿಗೆ ಸೆಟೆದಿದ್ದವು, ಬಾರು ಹರಿದಿತ್ತು, ಅವಳು ಹೊಸ್ತಿಲಲ್ಲಿ ಮಂಡಿಯೂರಿ ತಾನು ನೂತ ಕೆಂಪು ಉಣ್ಣೆ ದಾರದಿಂದ ಮೆಟ್ಟನ್ನು ಅವನ ಕಾಲಿಗೆ ಬಿಗಿದಳು, ಒಂದು ಗಂಟು, ಅದರ ಮೇಲೆ ಇನ್ನೊಂದು, ಸಾಕು ಮಾರಾಯ್ತಿ, ಗಂಡನ್ನ ಕಟ್ತಿದ್ದೀಯೋ ಕುದುರೇನೋ ಎಂದಿದ್ದ ಅವನು, ಕುದುರೆಯಾದ್ರೆ ಹೇಳಿದ ಮಾತು ಕೇಳ್ತಿತ್ತು ಎಂದಿದ್ದಳು ಅವಳು, ನಕ್ಕಿದ್ದರು. ಮಧ್ಯಾಹ್ನ ಇಳಿಜಾರು ಕುಸಿಯಿತು. ಎಸೆನ್ ಮೂರು ದಿನ ಅಗೆದು ಅಣ್ಣನ ಹೆಣ ತೆಗೆದ, ಬಂದವನು ಟೋಪಿ ತೆಗೆಯುವ ಮೊದಲೇ ಹೇಳಿದ, ಗಂಟು ಬಿಚ್ಚಿತ್ತು ಅತ್ತಿಗೆ, ಅಣ್ಣ ಎರಡೂ ಮೆಟ್ಟು ಒದ್ದುಬಿಟ್ಟಿದ್ದ, ಹಿಮವೇ ಜಾಸ್ತಿ ಬಂತು. ಆ ಒಂದು ಮಾತಿನ ಮೇಲೆ ಅವಳು ಮತ್ತೆ ಉಂಡಳು, ಮಲಗಿದಳು, ನಾಲ್ಕು ಚಳಿಗಾಲ ಕಳೆದಳು.

ಎಸೆನ್ ದಾಟಿ ಆಚೆ ನಿಂತಿದ್ದಾನೆ, ಕೈ ಬೀಸುತ್ತಾನೆ, ಅವಳು ಬಾರು ಸಡಿಲಿಸಲು ಬಾಗುತ್ತಾಳೆ, ಬಲಗಾಲಿನ ಚೌಕಟ್ಟಿಗಂಟಿದ ಮಂಜನ್ನು ಹೆಬ್ಬೆರಳಿನಿಂದ ಒರೆಸುತ್ತಾಳೆ — ಹೊಸ ಬಾರಿನ ಅಡಿಯಲ್ಲಿ ಏನೋ ಕೆಂಪು, ಒಂದು ಗಂಟು, ಅದರ ಮೇಲೆ ಇನ್ನೊಂದು, ಕಟ್ಟಿದಂತೆಯೇ ಇವೆ, ಪಕ್ಕದಲ್ಲಿ ದಾರ ನೇರವಾಗಿ ತುಂಡಾಗಿದೆ, ಚಾಕು ಹಾಕಿದ ಹಾಗೆ, ಬಿಚ್ಚಿದ್ದನ್ನು ಯಾರಾದರೂ ಕೊಯ್ಯುತ್ತಾರೆಯೇ — ಆಚೆ ಅವನು ಕಾಯುತ್ತಿದ್ದಾನೆ, ನಾನು ಕೇಳುವುದಿಲ್ಲ, ಎಂದೂ ಕೇಳುವುದಿಲ್ಲ, ಪಾಪ, ನನಗಾಗಿ ಆಡಿದ ಆ ಮಾತನ್ನು ಒಬ್ಬನೇ ಹೊತ್ತಿದ್ದಾನೆ, ಎದ್ದು ನಿಲ್ಲು, ನಾಜಿಕ್, ಬೆಣ್ಣೆ, ಬಿಸಿಲು ಬರುತ್ತಿದೆ, ಕರಕ್, ಒಂದು ಹೆಜ್ಜೆ, ಒಂದು ಗಂಟು, ಕರಕ್, ಅದರ ಮೇಲೆ ಇನ್ನೊಂದು, ಕೆಂಪು, ಕೆಂಪು ದಾರ, ಅದರ ಮೇಲೆ ಇನ್ನೊಂದು