ಕಡೀಕ ಉಣ್ಣುವಾಕಿ

ಮುದ್ದೇಬಿಹಾಳದ ಅಡತಿ ವ್ಯಾಪಾರಿ ಗುರುಲಿಂಗಪ್ಪನ ಮನೆಯಲ್ಲಿ ತುಪ್ಪ ಕಾಯಿಸುವಾಕೆ ಸೊಸೆ ಶೈಲಶ್ರೀ. ಅದನ್ನು ಮುಟ್ಟಬಾರದವಳೂ ಅವಳೇ.

ಇಂಡಿ ಊರಿನ ತವರಿನಿಂದ ಈ ಮನೆಗೆ ಬಂದಾಗ ಅವಳು ಹೀಗಿರಲಿಲ್ಲ. ಮೂರು ವರ್ಷಗಳಲ್ಲಿ ಮೈ ತುಂಬಿತು, ಆಮೇಲೆ ತುಂಬಿ ತುಳುಕಿತು, ಆಮೇಲೆ ಮೊಣಕಾಲು ಹಿಡಿಯಿತು. ದವಾಖಾನೆಯ ಡಾಕ್ಟರು ಕಾಟಾದ ಮೇಲೆ ನಿಲ್ಲಿಸಿ, "ತೂಕ ಇಳಸ್ರಿ, ಜಿಡ್ಡು ಕಡಿಮಿ ಮಾಡ್ರಿ" ಎಂದರು. ಅತ್ತೆ ಶಂಕ್ರೆವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅವತ್ತೇ ತುಪ್ಪದ ಗಡಿಗೆ ನೆಲುವಿಗೆ ಏರಿತು. ಸೊಸೆಯ ಪಾಲಿಗೆ ಒಣ ರೊಟ್ಟಿ, ಖಾರದ ಹಿಂಡಿ, ನೀರುಮಜ್ಜಿಗೆ.

ಮೂರು ತಿಂಗಳಾದ ಮೇಲೆ ಮತ್ತೆ ದವಾಖಾನೆಗೆ ಹೋದರು. ತೂಕ ಇಳಿಯುವುದು ಹೋಗಲಿ, ಎರಡು ಕಿಲೋ ಏರಿತ್ತು.

ಆ ಮಧ್ಯಾಹ್ನ ಗಂಡಸರು ಊಟಕ್ಕೆ ಕುಳಿತಾಗ ಶಂಕ್ರೆವ್ವ ರೊಟ್ಟಿ ಹಾಕುತ್ತ ಹಾಕುತ್ತಲೇ ಮಾತು ತೆಗೆದಳು. "ಒಣಾ ರೊಟ್ಟಿ ತಿಂದು ಯಾರರೆ ಮೈ ಬಿಡ್ತಾರೇನು? ಗಾಳಿ ಕುಡದರ ದಪ್ಪ ಆಗ್ತಾರೇನು? ನಾ ಬಾಯಿ ಬಿಟ್ಟು ಅನ್ನಬಾರದಂತಿದ್ದೆ. ನಿಮ್ಮ ಸೊಸಿ ಗಡಿಗಿ ಇಳಸಿ ತುಪ್ಪ ಕದ್ದು ತಿನ್ನಾಕತ್ತಾಳ."

ಗುರುಲಿಂಗಪ್ಪ ಕೆಮ್ಮಿದ. ಶೈಲಶ್ರೀಯ ಗಂಡ ಕಲ್ಮೇಶ ಝುಣಕದ ತುತ್ತು ಅಗಿಯುತ್ತಲೇ ಇದ್ದ. ಸಿಂದಗಿಯ ನಾದಿನಿ ಸಾಲಿ ಕಲಿಯಲೆಂದು ಇಲ್ಲಿ ಬಿಟ್ಟಿದ್ದ ಇಬ್ಬರು ಹೆಣ್ಣುಮಕ್ಕಳು ಮಾತ್ರ ಕಣ್ಣರಳಿಸಿ ಶೈಲಶ್ರೀಯನ್ನು ನೋಡಿದವು. ಒಲೆಯ ಮುಂದೆ ಕುಳಿತಿದ್ದ ಅವಳ ರೊಟ್ಟಿ ಹಂಚಿನಲ್ಲೇ ಕರಿದಾಯಿತು. ದಪ್ಪ ಅಂದಿದ್ದರೆ ಸಹಿಸುತ್ತಿದ್ದಳು, ಅದು ಕಾಣುವ ಮಾತು. ಕಳ್ಳಿ ಅಂದರಲ್ಲ. ಗಂಡಸರ ಮುಂದೆ, ಮಕ್ಕಳ ಮುಂದೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವಳು, ನಾಲ್ಕು ಮಂದಿಯ ಎದುರು ದನಿ ಎತ್ತಿ ಗೊತ್ತಿಲ್ಲದವಳು. ಕಣ್ಣುಗಳು ಮಾತ್ರ ಸುಮ್ಮನಿರಲಿಲ್ಲ, ಎಲ್ಲವನ್ನೂ ನೋಡುತ್ತಿದ್ದವು; ಅವು ಯಾವತ್ತೂ ಸುಮ್ಮನಿದ್ದವಲ್ಲ.

ಮಗ್ಗಲು ಮನೆಯ ಜೋಹರಾಬಿ ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಹೊಲಿಗೆ ಮಷೀನಿನ ಎದುರಿಗೇ ಟೀವಿ. ಹೊಸದಾಗಿ ಕೇಬಲ್ ಬಂದಿತ್ತು. ಮನೆಗೆಲಸ ಮುಗಿದ ಮೇಲೆ ಶೈಲಶ್ರೀ ಅಲ್ಲಿಗೆ ಹೋಗಿ ಗುಂಡಿ ಹಚ್ಚಿಕೊಡುತ್ತ ಕೂಡುವುದಿತ್ತು. ಅವತ್ತು ಟೀವಿಯಲ್ಲಿ ಇಂಗ್ಲಿಷಿನ ಅಡುಗೆ. ಪಿಯುಸಿ ಓದುವ ಮಗಳು ಗುಲನಾಜ ತಿಳಿದಷ್ಟು ಬಿಡಿಸಿ ಹೇಳುತ್ತಿದ್ದಳು.

"ಫ್ರಾನ್ಸ್ ದೇಶದ ಅಡಗಿ ಅಂತ ನೋಡಕ್ಕಾ. ಆಲೂಗಡ್ಡಿ, ಕೆನಿ, ಬೆಣ್ಣಿ."

ಟೀವಿಯ ಹೆಂಗಸು ಆಲೂಗಡ್ಡೆಯನ್ನು ಹಪ್ಪಳದಷ್ಟು ತೆಳ್ಳಗೆ ಹೆಚ್ಚಿ, ಪದರು ಪದರಾಗಿ ಹರಡಿ, ಮೇಲೆ ಚೊಂಬುಗಟ್ಟಲೆ ಕೆನೆ ಸುರಿದಳು. ಅದರ ಮೇಲೆ ಮತ್ತೆ ಬೆಣ್ಣೆ.

"ಯಾ ಅಲ್ಲಾ!" ಜೋಹರಾಬಿ ಮಷೀನು ನಿಲ್ಲಿಸಿದಳು. "ಇಷ್ಟ ತಿನ್ನೂ ಮಂದಿ ಆನಿ ಆಗಿರಬೇಕಲ್ಲ? ಈಕಿ ನೋಡಿದ್ರ ಹುಣಸಿ ಬರಲು ಇದ್ದಂಗದಾಳ."

"ಅದನ್ನ ಅವರೂ ಕೇಳಾಕತ್ತಾರಮ್ಮಾ. ಇಷ್ಟು ತಿಂದು ಹೆಂಗ ತೆಳ್ಳಗ ಅದಾರಂತ. ಯಾರಿಗೂ ಖರೇ ಗೊತ್ತಿಲ್ಲಂತ."

ಜೋಹರಾಬಿ ನಕ್ಕು ಮತ್ತೆ ಮಷೀನು ತುಳಿದಳು. ಶೈಲಶ್ರೀ ನಗಲಿಲ್ಲ. ಅಡುಗೆ ಮುಗಿದ ಮೇಲಿನದನ್ನು ನೋಡುತ್ತಿದ್ದಳು. ಮಾಡಿದವಳೂ ಎಲ್ಲರ ಜೊತೆ ಮೇಜಿಗೆ ಕುಳಿತಳು. ಅವಳಿಗೂ ಒಂದು ತಾಟು, ಅದರಲ್ಲಿ ಅಂಗೈಯಗಲ ಆಲೂಗಡ್ಡೆ. ಮಾತಾಡುತ್ತ, ನಗುತ್ತ, ಬಿಸಿ ಇರುವಾಗಲೇ ಉಂಡಳು. ಸಾಕಾದಾಗ ಚಮಚ ಇಟ್ಟಳು. ಉಳಿದದ್ದು ಬೋಗುಣಿಯಲ್ಲೇ ಉಳಿಯಿತು. ಯಾರೂ ಅದನ್ನು ಕೆರೆದು ಅವಳ ತಾಟಿಗೆ ಸುರಿಯಲಿಲ್ಲ.

ಮರುದಿನದಿಂದ ಶೈಲಶ್ರೀ ತನ್ನನ್ನೇ ತಾನು ಕಾಯತೊಡಗಿದಳು. ಗಂಡಸರು ಉಂಡರು, ಮಕ್ಕಳು ಉಂಡವು, ಅತ್ತೆ ಉಂಡಳು. ಕಡೆಗೆ ಅವಳ ಪಾಳಿ. ತನ್ನ ಒಣ ರೊಟ್ಟಿ ಉಂಡು ಏಳುವಷ್ಟರಲ್ಲಿ ಅತ್ತೆಯ ದನಿ: "ಪ್ರಸಾದ ಕೆಡಿಸಬಾರದವಾ, ತಾಟಿನಾಗ ಉಳದದ್ದು ನೋಡು." ಗಂಡ ಮುರಿದು ಬಿಟ್ಟ ಅರ್ಧ ರೊಟ್ಟಿ, ಬುಡದ ಬ್ಯಾಳಿ, ಮಕ್ಕಳು ಕಲಸಿ ಕಲಸಿ ಬೇಡವೆಂದು ಸರಿಸಿದ ಅನ್ನ. ಆ ಅನ್ನದ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಬೆರಳ ಸಂದಿಯಿಂದ ತುಪ್ಪ ಒಸರಿತು. ಹಸಿವಿಲ್ಲದ ಹೊಟ್ಟೆಗೆ, ನಿಂತುಕೊಂಡು, ದಿನಾ ಎರಡು ಹೊತ್ತು ಅವಳು ಇನ್ನೊಂದು ಊಟ ಮಾಡುತ್ತಿದ್ದಳು. ತುಪ್ಪ ಅವಳ ಹೊಟ್ಟೆಗೆ ಇಳಿಯುತ್ತಿದ್ದದ್ದು ನೆಲುವಿನಿಂದಲ್ಲ, ಎಂಜಲು ತಾಟಿನಿಂದ.

ಅಮಾಸಿಗೆ ಶಂಕ್ರೆವ್ವ ನಸುಕಿನ ಬಸ್ಸಿಗೆ ಬಸವನ ಬಾಗೇವಾಡಿಯ ಗುಡಿಗೆ ಹೋದಳು. ಅಂಗಡಿ ಬಂದಾಗಿದ್ದರಿಂದ ಗಂಡಸರು ಮನೆಯಲ್ಲೇ ಇದ್ದರು. ಶೈಲಶ್ರೀ ಆಲೂಗಡ್ಡೆ ಹೆಚ್ಚಿದಳು. ಬೆಣ್ಣೆಗೆಂದು ಕೂಡಿಟ್ಟ ಕೆನೆಯನ್ನೆಲ್ಲ ಸುರಿದು, ಉಪ್ಪು, ಮೆಣಸಿನ ಪುಡಿ, ಜಜ್ಜಿದ ಬಳ್ಳೊಳ್ಳಿ ಹಾಕಿ, ಇದ್ದಿಲಿನ ಶಿಗಡಿಯ ಮೇಲಿಟ್ಟು ಮುಚ್ಚಳದ ಮೇಲೆ ಕೆಂಡ ಹರಡಿದಳು. ಮೇಲೆ ಕೆಂಪಗೆ ಕೆನೆಗಟ್ಟಿ ವಾಸನೆ ಪಡಸಾಲೆಗೆ ಹೊರಟಾಗ ಗುರುಲಿಂಗಪ್ಪ ಕರೆಯದೇ ಬಂದು ಕುಳಿತ.

"ಇದೇನವಾ?"

"ಆಲೂಗಡ್ಡಿರಿ ಮಾವಾರ. ಫ್ರಾನ್ಸ್ ದೇಶದ ಅಡಗಿ."

"ಆಲೂಗಡ್ಡಿ ಬೆಳಗಾವಿದಲ್ಲೇನ?" ಎನ್ನುತ್ತ ಒಂದು ತುತ್ತು ಬಾಯಿಗಿಟ್ಟ. ಮತ್ತೆ ತಾಟು ಚಾಚಿದ. ಕಲ್ಮೇಶನೂ ಮಕ್ಕಳೂ ಬಂದು ಸಾಲಿನಲ್ಲಿ ಕುಳಿತರು.

ಅಷ್ಟರಲ್ಲಿ ಶಂಕ್ರೆವ್ವ ಬಂದಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಕಾಯಿ. ಒಳಗೆ ಹೋದವಳು ಕೆನೆಯ ಖಾಲಿ ಪಾತ್ರೆ ಹಿಡಿದೇ ಹೊರಬಂದಳು. "ಕೆನಿ ಎಲ್ಲಿ?"

"ಇದರಾಗ ಐತ್ರಿ ಅತ್ತಿ." ಶೈಲಶ್ರೀ ನೆಲುವಿನ ಗಡಿಗೆ ಎಲ್ಲರೂ ನೋಡುತ್ತಿದ್ದಂತೆ ಇಳಿಸಿದಳು. ಸಾಲಿನ ತುದಿಗೆ, ಮಕ್ಕಳ ಮಗ್ಗಲಿಗೆ ತನ್ನದೊಂದು ತಾಟು ಹಾಕಿದಳು. ಅಂಗೈಯಗಲ ಆಲೂಗಡ್ಡೆ, ಒಂದು ಬಿಸಿ ರೊಟ್ಟಿ, ರೊಟ್ಟಿಯ ಮೇಲೆ ಒಂದು ಚಮಚ ತುಪ್ಪ. ಕುಳಿತಳು.

ಗಂಡಸರ ಸಾಲಿನಲ್ಲಿ ಸೊಸೆ ಕುಳಿತದ್ದನ್ನು ಆ ಪಡಸಾಲೆ ಅವತ್ತಿನವರೆಗೆ ಕಂಡಿರಲಿಲ್ಲ.

"ಎದ್ದೇಳ! ಜಿಡ್ಡು ಬ್ಯಾಡಂತ ಡಾಕ್ಟ್ರು ಹೇಳಿಲ್ಲೇನು?"

"ಹೇಳ್ಯಾರ್ರಿ. ಕದ್ದು ತಿಂತಾಳಂತ ನೀವೂ ಹೇಳೀರಿ. ಅದಕ್ಕ ಎದುರಿಗೇ ತಿನ್ನಾಕತ್ತೇನಿ."

ನಿಧಾನಕ್ಕೆ, ಪೂರ್ತಿ ಉಂಡಳು. ಎದ್ದು ಕೈ ತೊಳೆದಳು. ತನ್ನ ತಾಟು ತಾನೇ ಬೆಳಗಿ ಬೋರಲು ಹಾಕಿದಳು. ಪಡಸಾಲೆಯ ತಾಟುಗಳಲ್ಲಿ ಎಂದಿನಂತೆ ಅರ್ಧ ರೊಟ್ಟಿ ಬಿದ್ದಿತ್ತು, ಕಲಸಿದ ಅನ್ನ ಬಿದ್ದಿತ್ತು.

"ಇದನ್ನ ಯಾರು ಉಣ್ಣಬೇಕು?" ಅತ್ತೆ ಕೇಳಿದಳು.

"ಬಿಟ್ಟವರು."

"ಪ್ರಸಾದ ಚೆಲ್ಲಿದ್ರ ಪಾಪ ಬರತೈತಿ."

"ಬಿಟ್ಟವರಿಗಿ ಬರತೈತ್ರಿ. ನಮ್ಮಪ್ಪ ತಾಟ ತೊಳದು ಆ ನೀರೂ ಕುಡೀತಿದ್ದ. ತನ್ನ ತಾಟ ಅತ್ತಿ, ಮತ್ತೊಬ್ಬರದ್ದಲ್ಲ."

ಶಂಕ್ರೆವ್ವನ ಮುಖ ಕೆಂಡವಾಯಿತು. "ಹಂಗೇನು? ಹಂಗಾರ ನಾ ಉಣ್ತೇನಿ. ಈ ಮನಿಯಾಗ ಧರ್ಮ ತಿಳದಾಕಿ ಒಬ್ಬಾಕಿ ಇನ್ನೂ ಅದಾಳ!" ಎಂದು ಅಲ್ಲೇ ಕುಳಿತು, ಎಲ್ಲ ತಾಟು ಬಳಿದು ಉಂಡಳು.

ಸೊಸೆ ನಾಚಿ ಎರಡು ದಿನದಲ್ಲಿ ಕಾಲಿಗೆ ಬೀಳುತ್ತಾಳೆಂಬುದು ಅವಳ ಲೆಕ್ಕ. ಸೊಸೆ ಬೀಳಲಿಲ್ಲ. ಅತ್ತೆಯೂ ಬಿಡಲಿಲ್ಲ. ಪಾತ್ರೆ ತಿಕ್ಕುವ ಹನಮವ್ವ ಇದನ್ನು ಓಣಿಗೆಲ್ಲ ಹಂಚಿದಳು: ಸೊಸಿ ಗಂಡಸರ ಜೋಡಿ ಕುಂತು ತುಪ್ಪ ಉಣ್ತಾಳ, ಮುದುಕಿ ಎಂಜಲಾ ಉಣ್ತಾಳ. ನೀರಿಗೆ ಹೋದಲ್ಲಿ ಸೊಸೆಯನ್ನು ಕಂಡು ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಶೈಲಶ್ರೀಯ ಕೈ ಎಷ್ಟೋ ಸಲ ತಾನಾಗಿ ಆ ತಾಟಿನತ್ತ ಹೋಗುತ್ತಿತ್ತು. ಒಂದು ತುತ್ತು ಉಂಡುಬಿಟ್ಟರೆ ಮನೆ ತಣ್ಣಗಾಗುತ್ತದೆ. ಆದರೆ ಕಳ್ಳಿ ಎಂಬ ಮಾತು ಹಾಗೇ ಉಳಿಯುತ್ತದೆ. ಕೈ ಹಿಂದಕ್ಕೆ ಬರುತ್ತಿತ್ತು.

"ಮಂದಿ ಮಾತಾಡಾಕತ್ತಾರ," ಎಂದ ಕಲ್ಮೇಶ ಒಂದು ದಿನ.

"ಮಾತಾಡ್ಲಿ. ನೀವು ಎರಡನೇ ರೊಟ್ಟಿ ಮುರಿಯೂ ಮುಂದ ಹಸಿವು ಐತೋ ಇಲ್ಲೋ ನೋಡಿ ಮುರೀರಿ."

ಅವನು ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ.

ಹೀಗೇ ತಿಂಗಳುಗಳು ಕಳೆದು ಯುಗಾದಿ ಹತ್ತಿರ ಬಂದಾಗ ಶಂಕ್ರೆವ್ವ ತನ್ನ ಕುಪ್ಪಸಗಳನ್ನು ಗಂಟು ಕಟ್ಟಿ ಜೋಹರಾಬಿಯ ಮನೆಗೆ ತಂದಳು. ಶೈಲಶ್ರೀ ಅಲ್ಲೇ ಇದ್ದಳು. ಹಿಂದಿನ ವಾರ ದವಾಖಾನೆಯ ಕಾಟಾ ಅವಳಿಗೆ ನಾಲ್ಕು ಕಿಲೋ ಕಡಿಮೆ ತೋರಿಸಿತ್ತು. ಏನು ಬಿಟ್ರಿ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು "ಎಂಜಲಾ" ಅಂದಿದ್ದಳು, ಅವರಿಗೆ ಅದರ ಅರ್ಥವಾಗಿರಲಿಲ್ಲ. ಈಗ ತನ್ನ ಕುಪ್ಪಸ ಒಳಗೆ ಹಿಡಿಸಲು ಬಂದಿದ್ದಳು.

"ಇವನ್ನ ಬಗಲಾಗ ಬಿಚ್ಚಿ ಸಡ್ಲ ಮಾಡು," ಎಂದಳು ಶಂಕ್ರೆವ್ವ. "ಒಗದು ಒಗದು ಅರಬಿ ಕುಗ್ಗ್ಯಾವ."

ಜೋಹರಾಬಿ ಟೇಪು ಹಿಡಿದು ಅಳೆದಳು. "ಅರಬಿ ಕುಗ್ಗಿಲ್ಲ ಅಕ್ಕಾರ, ನೀವ ಹಿಗ್ಗೀರಿ. ಒಂದ ಕುಪ್ಪಸ ಕುಗ್ಗತೈತಿ, ಎಲ್ಲಾ ಕುಗ್ಗತಾವೇನ್ರಿ?"

ಶೈಲಶ್ರೀಯ ಒಳಗೆ ಇಷ್ಟು ದಿನ ಕಾದ ಮಾತು ತಾನಾಗಿಯೇ ಹೊರಬಿತ್ತು. "ಅತ್ತಿ, ಈಗ ಗಡಿಗಿ ಇಳಸಿ ತುಪ್ಪ ಕದಿಯಾವರು ಯಾರ್ರಿ?"

ಗುಲನಾಜ ತುಟಿ ಕಚ್ಚಿ ಪುಸ್ತಕದಲ್ಲಿ ಮುಖ ಮುಚ್ಚಿದಳು. ಶಂಕ್ರೆವ್ವ ಬಿಚ್ಚಿದ ಗಂಟನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು.

ಆ ಮಧ್ಯಾಹ್ನ ಊಟಕ್ಕೆ ಎಲ್ಲರೂ ಕುಳಿತರು. ಗುರುಲಿಂಗಪ್ಪ ಒಂದೂವರೆ ರೊಟ್ಟಿ ಉಂಡು, ಅರ್ಧ ಬಿಟ್ಟು, ಮೊಣಕಾಲಿಗೆ ಕೈಯೂರಿ ಏಳಹೋದ.

"ಕುಂಡರ್ರಿ," ಎಂದಳು ಶಂಕ್ರೆವ್ವ.

"ನಂದಾತಲ್ಲ."

"ನಿಮ್ಮದಾತು, ತಾಟಿಂದು ಆಗಿಲ್ಲ. ಇಷ್ಟು ವರ್ಷ ನಾ ಉಂಡೆ, ಮೂರ ವರ್ಷ ಈಕಿ ಉಂಡ್ಳು. ಇನ್ನ ಯಾರೂ ಉಣ್ಣಂಗಿಲ್ಲ." ಕಲ್ಮೇಶ ಏಳಲೋ ಬೇಡವೋ ಎಂದು ಅರ್ಧಕ್ಕೇ ನಿಂತಿದ್ದ. "ನೀನೂ ಕುಂಡ್ರು."

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಶೈಲಶ್ರೀ ಮುಗಿಸಗೊಡಲಿಲ್ಲ. ಸಾಲಿನ ತುದಿಯಿಂದಲೇ ಹೇಳಿದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ: "ಅತ್ತಿ, ಅವತ್ತ ನೀವು ಇವರೆಲ್ಲಾರ ಮುಂದ ಒಂದ ಮಾತು ಅಂದ್ರಿ. ಅದನ್ನ ಇವರ ಮುಂದನ ಹಿಂದಕ್ಕ ತಗೋಬೇಕು."

ಶಂಕ್ರೆವ್ವ ಸೊಸೆಯ ಕಡೆ ನೋಡಲಿಲ್ಲ. ರೊಟ್ಟಿ ಬುಟ್ಟಿಯ ಅರಿವೆ ತೆಗೆದಳು, ಮತ್ತೆ ಹೊದಿಸಿದಳು. ಕಡೆಗೆ ಗಂಡನ ತಾಟಿಗೆ ಹೇಳುವವಳಂತೆ ಹೇಳಿದಳು. "ಈಕಿ ತುಪ್ಪ ಕದ್ದಿಲ್ಲ. ನಾ ಅಂದದ್ದು ತಪ್ಪ."

"ಹ್ಞೂಂ ಅತ್ತಿ," ಎಂದು ಶೈಲಶ್ರೀ ತನ್ನ ರೊಟ್ಟಿ ಮುರಿದಳು.

ಗುರುಲಿಂಗಪ್ಪ ಮತ್ತೆ ಕುಳಿತ. ಬಿಟ್ಟಿದ್ದ ಅರ್ಧ ರೊಟ್ಟಿ ಆಗಲೇ ಆರಿ ಕಟಕಾಗಿತ್ತು. ಅವನು ಅದನ್ನು ಬಹಳ ಹೊತ್ತು ಅಗಿದ.