ಲಾಂದ್ರದ ಹುಡುಗಿಯರು ಮತ್ತು ಗೂಳಿ ಮರ್ವ್

ಒದ್ದೆ ಕುರಿಯ ಉಣ್ಣೆಯನ್ನು ಕತ್ತರಿಸುವುದಿಲ್ಲ. ಉಣ್ಣೆ ಮೂಟೆಯಲ್ಲೇ ಕೊಳೆಯುತ್ತದೆ, ಕತ್ತರಿಸುವವರ ಕೀಲುಗಳಿಗೂ ಅದು ಕೆಟ್ಟದ್ದು. ಕುರಿ ಒದ್ದೆಯೋ ಒಣಗಿದೆಯೋ ಎಂದು ತೀರ್ಮಾನಿಸುವ ಹಕ್ಕು ಜಮೀನಿನ ಯಜಮಾನನಿಗೂ ಇಲ್ಲ, ಗುತ್ತಿಗೆದಾರನಿಗೂ ಇಲ್ಲ. ಕತ್ತರಿಸುವವರು ತಲಾ ಎರಡು ಕುರಿಯ ಉಣ್ಣೆ ತೆಗೆದು ನೋಡಿ, ಚೀಟಿ ಹಾಕುತ್ತಾರೆ. ಆ ಜುಲೈ ಚಳಿಯಲ್ಲಿ ಆಸ್ಟ್ರೇಲಿಯಾದ ವಿಲ್ಕೇನಿಯಾ ಪೇಟೆಯಿಂದ ಆಚೆ, ಯಾರಾಬಂದ್ರಾ ಕುರಿ ಜಮೀನಿನಲ್ಲಿ ಎಲ್ಲರ ಚೀಟಿಯಲ್ಲೂ ‘ಒದ್ದೆ’ ಎಂದೇ ಬಂತು. ಮಾರನೆಯ ದಿನವೂ ಅದೇ. ಕೆಂಪು ರಸ್ತೆ ಕೆಸರಿನ ಹೊಳೆಯಾಗಿ ಪೇಟೆಯ ದಾರಿ ಮುಚ್ಚಿಹೋಯಿತು.

ನಾನು ಆ ತಂಡದ ಅಡುಗೆಯವಳು, ನೋಲೀನ್. ಗಂಡ ಬದುಕಿದ್ದ ಕಾಲದಿಂದಲೂ ಇಂಥ ಉಣ್ಣೆ ಕತ್ತರಿಸುವ ಶೆಡ್ಡುಗಳಲ್ಲೇ ಬೇಯಿಸಿಕೊಂಡು ಬಂದವಳು. ಕೆಲಸವಿಲ್ಲದ ಗಂಡಸರಿಗೆ ಹಸಿವು ಹೆಚ್ಚು. ಬೆಳಗ್ಗೆ ಮಾಂಸ, ಮೊಟ್ಟೆ. ಹತ್ತು ಗಂಟೆಗೆ ಬಿಸಿ ಬನ್ನು, ಜಾಮು. ಮಧ್ಯಾಹ್ನ ಮತ್ತೆ ಮಾಂಸ. ನಡುನಡುವೆ, ‘ನೋಲೀನ್, ತಿನ್ನೋಕೆ ಏನಾದ್ರೂ ಇದ್ಯಾ?’

ಗಾಳಿಗೆ ಟಿವಿಯ ಡಿಶ್ ಚಾವಣಿಯಿಂದ ಕಿತ್ತುಬಂದಿತ್ತು. ಇಸ್ಪೀಟು ಆಡಿ ಆಡಿ ಎರಡನೆಯ ದಿನವೇ ಜಗಳವಾಯಿತು. ಆಗ ಡೆಸ್, ಅಂದರೆ ಉಣ್ಣೆಯನ್ನು ಯಂತ್ರದಲ್ಲಿ ಒತ್ತಿ ಮೂಟೆ ಕಟ್ಟುವ ಮುದುಕ, ಊಟದ ಕೋಣೆಯ ಬೀರು ಕೆದಕಿ ಒಂದು ಗುಲಾಬಿ ಬಣ್ಣದ ಡಬ್ಬಿ ತಂದ. ಜಮೀನಿನ ಮ್ಯಾನೇಜರನ ಮಗಳು ಬೆಳೆದು ಹಾಸ್ಟೆಲ್ಲಿಗೆ ಹೋದ ಮೇಲೆ ಇಲ್ಲಿ ತಂದಿಟ್ಟ ಗೊಂಬೆ ಸಿನಿಮಾದ ಡಿಸ್ಕುಗಳು. ಮೇಲೆ ಐವರು ಹುಡುಗಿಯರ ಚಿತ್ರ, ಎಲ್ಲರ ಕೈಯಲ್ಲೂ ಲಾಂದ್ರ, ಸುತ್ತ ಚಿಟ್ಟೆ. ‘ಲಾಂದ್ರದ ಹುಡುಗಿಯರು.’ ಆರರಿಂದ ಒಂಬತ್ತು ವರ್ಷದ ಹೆಣ್ಣುಮಕ್ಕಳಿಗಾಗಿ.

‘ಇದು ಬಿಟ್ರೆ ಟ್ರ್ಯಾಕ್ಟರ್ ರಿಪೇರಿ ಮಾಡೋದು ಹೇಗೆ ಅನ್ನೋದೊಂದಿದೆ,’ ಅಂದ ಡೆಸ್. ‘ಯಾವುದು ಬೇಕು?’

‘ಟ್ರ್ಯಾಕ್ಟರ್ ನಾನು ಆಗಲೇ ಎರಡು ಸಲ ನೋಡಿದೆ,’ ಅಂದ ಹೋನೆ. ನ್ಯೂಜಿಲೆಂಡಿನ ಮಾವೊರಿ ಹುಡುಗ, ಉಣ್ಣೆ ಕತ್ತರಿಸುವುದರಲ್ಲಿ ಒಳ್ಳೆಯ ಕೈ. ಹೀಗೆ ಶುರುವಾಯಿತು.

ಕಥೆ ಸರಳ. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಐವರು ಗೆಳತಿಯರು. ಕತ್ತಲೆ ಕವಿದಾಗ ಊರನ್ನು ಕಾಯುವುದು ಅವರ ಕೆಲಸ. ಆದರೆ ಅವರ ಲಾಂದ್ರ ಎಣ್ಣೆಯಿಂದ ಉರಿಯುವುದಿಲ್ಲ. ಹಿಡಿದವಳು ತನ್ನ ಮನಸ್ಸಿನಲ್ಲಿರುವುದನ್ನು ನಿಜವಾಗಿ ಬಾಯಿಬಿಟ್ಟು ಹೇಳಿದರೆ ಮಾತ್ರ ಹತ್ತಿಕೊಳ್ಳುತ್ತದೆ. ಸುಳ್ಳು ಹೇಳಿದರೆ, ಜಂಬ ಕೊಚ್ಚಿದರೆ ಆರಿಹೋಗುತ್ತದೆ. ಮೊದಲನೆಯ ಕಂತನ್ನು ಎಲ್ಲರೂ ಗೇಲಿ ಮಾಡುತ್ತಾ ನೋಡಿದರು. ಎರಡನೆಯದಕ್ಕೆ ಗೇಲಿ ಕಮ್ಮಿಯಾಯಿತು. ನಾಲ್ಕನೆಯದು ನಡೆಯುತ್ತಿದ್ದಾಗ ನಾನು ಚಹಾ ಬೇಕಾ ಎಂದು ಕೇಳಿದ್ದಕ್ಕೆ, ‘ಶ್! ಸೇತುವೆ ಬೀಳ್ತಾ ಇದೆ!’ ಎಂದು ನನ್ನನ್ನೇ ಗದರಿದರು.

ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ ಕೂತಿದ್ದವನು ಮರ್ವ್ ಕ್ವಿಲ್ಟಿ. ಐವತ್ತು ದಾಟಿದವನು, ತಂಡದಲ್ಲೇ ಅತಿ ವೇಗದ ಕೈ ಅವನದು. ದಪ್ಪ ಕತ್ತು, ಬಾಗಿಲ ತುಂಬ ಹೆಗಲು. ಅದಕ್ಕೇ ‘ಗೂಳಿ’ ಎಂಬ ಹೆಸರು. ನೋವು ಎಂಬ ಮಾತು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಒಮ್ಮೆ ಕೈಬೆರಳು ಸೀಳಿದಾಗ ಅಂಟುಪಟ್ಟಿ ಸುತ್ತಿಕೊಂಡು ಕೆಲಸ ಮುಂದುವರಿಸಿದ್ದ.

ಟಿವಿಯ ಮುಂದೆ ಬರದೆ ದೂರವೇ ಉಳಿದವಳು ಒಬ್ಬಳೇ, ತಾರ್ನಿ. ಇಪ್ಪತ್ತೆರಡರ ಹುಡುಗಿ. ಕತ್ತರಿಸಿದ ಉಣ್ಣೆಯನ್ನು ಬಾಚಿ ಮೇಜಿಗೆ ಎಸೆದು, ನೆಲ ಗುಡಿಸುವ ಕೆಲಸ. ಆದರೆ ಆಸೆಯೆಲ್ಲ ಕತ್ತರಿಯ ಮೇಲೆ. ದಿನದ ಕೊನೆಯಲ್ಲಿ ಯಾರಾದರೂ ಕೊಟ್ಟರೆ ಒಂದೋ ಎರಡೋ ಕುರಿಯ ಉಣ್ಣೆ ಕತ್ತರಿಸಿ ಕಲಿಯುತ್ತಿದ್ದಳು. ಕೂದಲು ಗಂಡಸರಿಗಿಂತ ಚಿಕ್ಕದು, ಬೈಗುಳ ಗಂಡಸರಿಗಿಂತ ದೊಡ್ಡದು.

‘ನೀನೂ ಬಾರೇ,’ ಎಂದು ನಾನು ಕರೆದೆ.

‘ನಮ್ಮಮ್ಮ ಕೋಬಾರ್‌ನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ಳು ನೋಲೀನ್. ನನ್ನ ಕೋಣೆ ಗೋಡೆಗೂ ಇದೇ ಗುಲಾಬಿ ಬಣ್ಣ. ಅದರಿಂದ ತಪ್ಪಿಸ್ಕೊಂಡು ಇಷ್ಟು ದೂರ ಬಂದಿದೀನಿ, ಇಲ್ಲೂ ಅದೇನಾ?’

ಆದರೂ ಹೊರಗೆ ಮಳೆ, ಒಳಗೆ ಒಂದೇ ಬೆಂಕಿ. ಮೂರನೆಯ ದಿನ ಬಾಗಿಲ ಬಳಿ ನಿಂತಳು. ಆಮೇಲೆ ಸೌದೆಯ ಪೆಟ್ಟಿಗೆಯ ಮೇಲೆ ಕೂತಳು. ಅಂದು ಬಂದದ್ದು ಪ್ರವಾಹದ ಕಥೆ. ಹುಡುಗಿಯರಲ್ಲಿ ಬ್ರಾಂಬಲ್ ಎಂಬವಳು ಧೈರ್ಯಸ್ಥೆ. ಸುತ್ತಿಗೆ ಹಿಡಿದು ಸೇತುವೆ ಕಟ್ಟುವವಳು. ಪೋಸಿ ಎಂಬವಳಿಗೆ ಫ್ರಾಕು, ರಿಬ್ಬನ್ನು ಅಂದರೆ ಪ್ರಾಣ, ಕಪ್ಪೆ ಕಂಡರೂ ಕಿರುಚುತ್ತಾಳೆ. ನೀರು ಏರಿ ಬಂದಾಗ ಪೋಸಿ, ‘ನನಗೆ ಭಯ ಆಗ್ತಿದೆ, ತುಂಬ ಭಯ ಆಗ್ತಿದೆ,’ ಎಂದು ಜೋರಾಗಿ ಹೇಳಿಕೊಂಡೇ ಲಾಂದ್ರ ಎತ್ತಿ ನೀರಿಗಿಳಿದಳು.

ಮುಗಿದ ಮೇಲೆ ಯಾರಿಗೆ ಯಾರು ಇಷ್ಟ ಎಂಬ ಚರ್ಚೆ ಎದ್ದಿತು. ಹೋನೆ ಬ್ರಾಂಬಲ್ ಅಂದ. ಡೆಸ್ ಹಳ್ಳಿಯ ಕತ್ತೆ ಅಂದ. ಮರ್ವ್, ‘ಪೋಸಿ,’ ಅಂದ.

ತಾರ್ನಿ ನಕ್ಕಳು. ‘ನೀನಾ? ಆ ರಿಬ್ಬನ್ ಗೊಂಬೆನಾ?’

‘ಬ್ರಾಂಬಲ್‌ಗೆ ಹೆದರಿಕೇನೇ ಇಲ್ಲ ಕಣೇ. ನೀರಿಗೆ ಇಳಿದ್ರೆ ಅದ್ರಲ್ಲೇನು ದೊಡ್ಡಸ್ತಿಕೆ? ಇವಳಿಗೆ ಕೈಕಾಲು ನಡುಗ್ತಿತ್ತು, ಆದ್ರೂ ಹೋದ್ಳು.’ ಮರ್ವ್ ಬೆಂಕಿಗೆ ಒಂದು ಸೌದೆ ಇಟ್ಟ. ‘ಇನ್ನೊಂದು ನೋಡು. ಹೋಗ್ವಾಗ ಫ್ರಾಕ್ ಬಿಚ್ಚಿಟ್ಟು, ಪ್ಯಾಂಟ್ ಹಾಕ್ಕೊಂಡು, ಗಂಡಸಿನ ವೇಷದಲ್ಲಿ ಹೋಗಲಿಲ್ಲ. ಹೇಗಿದ್ಳೋ ಹಾಗೇ ಹೋದ್ಳು. ನಂಗದು ಹಿಡಿಸ್ತು.’

ಮಾರನೆಯ ದಿನ ತಾರ್ನಿ ಹೆಣಿಗೆಯ ಚೀಲ ತಂದು ಎಲ್ಲರ ಎದುರಿಗೇ ಹೆಣೆಯಲು ಕೂತಳು. ಅವಳು ತೊಡುತ್ತಿದ್ದ ಸ್ವೆಟರನ್ನು ಯಾವುದೋ ಅಂಗಡಿಯದು ಎಂದೇ ನಾನು ತಿಳಿದಿದ್ದೆ. ಇಷ್ಟು ದಿನ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೆಣೆಯುತ್ತಿದ್ದಳು. ಶೆಡ್ಡಿನಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ ಎಂದು.

‘ಅಜ್ಜಿ ಆಗ್ಬಿಟ್ಟಿದೀಯ,’ ಅಂದ ಡೆಸ್.

‘ನಿನಗಿಂತ ಎಳೇ ಅಜ್ಜಿ. ಸುಮ್ನಿರು.’

‘ಅಲ್ಲ, ನಂಗೊಂದು ಟೋಪಿ ಆಗುತ್ತಾ ಅಂತ ಕೇಳೋಣ ಅಂತಿದ್ದೆ. ಕಿವಿ ಮುಚ್ಚೋ ಅಂಥದ್ದು.’

ಅಷ್ಟರಲ್ಲಿ ಲಾಂದ್ರದ ಮಾತು ಊಟದ ಮೇಜಿನ ತಮಾಷೆಯೇ ಆಗಿಹೋಗಿತ್ತು. ಯಾರಾದರೂ ಬಡಾಯಿ ಕೊಚ್ಚಿದರೆ, ‘ಆರಿಹೋಯ್ತು, ಆರಿಹೋಯ್ತು!’ ಎಂದು ಎಲ್ಲರೂ ಕೂಗುವುದು. ಕೊನೆಯ ಬನ್ನು ತಿಂದವರು ಯಾರು ಎಂಬ ವಿಷಯ ಬಂದರೆ, ‘ದೀಪ ಹಚ್ಚೋ, ಹೋನೆ!’ ಎನ್ನುವುದು. ಹೋನೆ ನಿಂತುಕೊಂಡು, ಎದೆಯ ಮೇಲೆ ಕೈಯಿಟ್ಟು, ‘ನಾನೇ ತಿಂದೆ, ಜೊತೆಗೆ ಅದರ ಹಿಂದಿನದನ್ನೂ ನಾನೇ ತಿಂದೆ,’ ಎನ್ನುವುದು.

ಗುರುವಾರ ಬಿಸಿಲು ಬಂತು. ಶುಕ್ರವಾರ ಚೀಟಿಯಲ್ಲಿ ‘ಒಣಗಿದೆ’ ಎಂದಾಯಿತು. ರಸ್ತೆ ತೆರೆದದ್ದೇ ತಡ ಗುತ್ತಿಗೆದಾರ ರಾಸ್ ಹ್ಯಾಲಮ್ ತನ್ನ ಗಾಡಿಯಲ್ಲಿ ಕೆಸರು ಹಾರಿಸಿಕೊಂಡು ಬಂದ. ವಾರ ಪೂರ್ತಿ ಹಾಳಾಗಿದ್ದಕ್ಕೆ ಅವನ ಮುಖ ಉರಿಯುತ್ತಿತ್ತು. ಗಂಟೆ ಹೊಡೆಯಿತು, ಕತ್ತರಿಸುವ ಯಂತ್ರಗಳು ಗುರುಗುಟ್ಟಿದವು, ಎಲ್ಲರೂ ಕುರಿಗಳನ್ನು ಎಳೆದುಕೊಂಡರು.

ನಾನು ಬನ್ನಿನ ತಟ್ಟೆ ಹೊತ್ತು ಶೆಡ್ಡಿಗೆ ಹೋದಾಗ ಮರ್ವ್ ಒಂದು ಕುರಿಯನ್ನು ಮುಗಿಸಿ ನೆಟ್ಟಗಾಗಲು ನೋಡುತ್ತಿದ್ದ. ಆಗುತ್ತಿರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ಗೋಡೆ ಹಿಡಿದುಕೊಂಡ. ‘ಜಾರ್ತು,’ ಎಂದು ಗೊಣಗಿ ಮತ್ತೆ ಕುರಿ ತರಲು ಹೋದ. ಅವನ ಎಡಗಾಲು ನೆಲಕ್ಕೆ ಎಳೆಯುತ್ತಿತ್ತು. ಎಲ್ಲರಿಗೂ ಕಂಡಿತು, ಎಲ್ಲರೂ ತಮ್ಮ ತಮ್ಮ ಕುರಿಯ ಮೇಲೆ ಬಗ್ಗಿದರು. ನಮ್ಮ ಕಡೆ ಅದೇ ಮರ್ಯಾದೆ. ಒಬ್ಬನ ನೋವು ಕಣ್ಣಿಗೆ ಬಿದ್ದರೆ ಇನ್ನೊಬ್ಬ ಬೇರೆ ಕಡೆ ನೋಡುತ್ತಾನೆ.

ಚಹಾ ಹೊತ್ತಿಗೆ ಯಂತ್ರಗಳು ನಿಂತವು. ಮರ್ವ್ ಉಣ್ಣೆ ಮೂಟೆಗೆ ಒರಗಿ ಕೂತ. ಚಹಾ ಮುಗಿದು ಗಂಟೆ ಹೊಡೆದಾಗ ಏಳಲಿಲ್ಲ.

‘ಏನೋ ಗೂಳಿ, ನಡಿ,’ ಅಂದ ರಾಸ್. ‘ಸೊಂಟಕ್ಕೆ ಪಟ್ಟಿ ಕಟ್ಕೊ. ಎರಡು ಮಾತ್ರೆ ನುಂಗು.’

‘ಆಗಲ್ಲ ರಾಸ್.’

‘ಅಂದ್ರೆ?’

ಮರ್ವ್ ತನ್ನ ಅಂಗೈಗಳನ್ನು ನೋಡಿಕೊಂಡ. ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ‘ಹೋದ ವರ್ಷದಿಂದ ಈ ಕಾಲು ಜೋಮು ಹಿಡಿದಿದೆ. ಬೆಳಗ್ಗೆ ಬೂಟು ಹಾಕ್ಕೊಳೋಕೆ ಹಾಸಿಗೆ ಮೇಲೆ ಮಲಗಬೇಕು. ಯಾರಿಗೂ ಹೇಳಿಲ್ಲ. ನಂಗೆ ಹೆದರಿಕೆ ಆಗ್ತಿದೆ ಕಣೋ. ಇನ್ನೊಂದು ಕುರಿ ಎಳೆದ್ರೆ ಮತ್ತೆ ಎದ್ದು ನಡೆಯಲ್ಲ ಅಂತ ಹೆದರಿಕೆ ಆಗ್ತಿದೆ.’

ಯಾವುದಕ್ಕೂ ಒಂದು ಕೊಂಕು ಇಟ್ಟುಕೊಂಡೇ ಇರುವ ಡೆಸ್ ಏನಾದರೂ ಅಂದುಬಿಡುತ್ತಾನೆ ಎಂದು ನನಗೆ ಭಯ. ಅವನು ಎದ್ದುಹೋಗಿ ಮರ್ವ್‌ನ ಪಕ್ಕ ಕೂತ. ‘ಹೇಳಿದ್ಯಲ್ಲ, ಆಯ್ತು ಬಿಡು. ಇನ್ನು ಎದ್ದೀಯ ಜೋಕೆ. ನಾನೇ ಹೊಡೀತೀನಿ.’

ರಾಸ್ ಕೆಟ್ಟವನಲ್ಲ, ಅವಸರದವನು. ತಲೆ ಕೆರೆದುಕೊಂಡು, ‘ಬೋರ್ಕ್‌ನಿಂದ ಯಾರಾದ್ರೂ ಸಿಗ್ತಾರಾ ನೋಡ್ತೀನಿ. ಅಲ್ಲಿವರೆಗೆ ಜಾಗ ಖಾಲಿ,’ ಅಂದ.

‘ಖಾಲಿ ಯಾಕೆ? ತಾರ್ನಿ ಇದಾಳಲ್ಲ,’ ಅಂದ ಮರ್ವ್.

‘ತಾರ್ನಿ ಗುಡಿಸೋಳು.’

‘ನೀನು ಗುಡಿಸೋಕೆ ಹೇಳಿದೀಯ, ಅದಕ್ಕೆ ಗುಡಿಸ್ತಾಳೆ.’

‘ಮರ್ವ್, ಒಳಗಿರೋವು ನನಗಿಂತ ತೂಕದ ಕುರಿ. ಹೆಣ್ಣುಮಗು ಕೈಲಿ ಎಳೆಯೋಕಾಗುತ್ತಾ? ಬಿದ್ದು ಕೈ ಮುರ್ಕೊಂಡ್ರೆ ಅವರಮ್ಮನಿಗೆ ನಾನೇನು ಹೇಳ್ಲಿ?’

ಹೋನೆ ತನ್ನ ಯಂತ್ರ ಚಾಲೂ ಮಾಡುವ ಹಗ್ಗ ಎಳೆಯಲು ಎತ್ತಿದ್ದ ಕೈಯನ್ನು ಇಳಿಸಿದ. ‘ನಂಗೆ ಕತ್ತರಿಸೋದು ಕಲಿಸಿದ್ದು ನಮ್ಮ ಚಿಕ್ಕಮ್ಮ ಕಣೋ ರಾಸ್. ಇವತ್ತಿಗೂ ನನಗಿಂತ ಚುರುಕು. ಅವಳ ಮುಂದೆ ಈ ಮಾತು ಹೇಳಿದ್ದಿದ್ರೆ ಕುರಿ ಬಿಟ್ಟು ನಿನ್ನನ್ನೇ ಬೋಳಿಸ್ತಿದ್ಳು.’

ಎಲ್ಲರೂ ನಕ್ಕರು, ರಾಸ್ ನಗಲಿಲ್ಲ. ನಾನು ತಾರ್ನಿಯನ್ನು ನೋಡಿದೆ. ಇಂಥ ಹೊತ್ತಿನಲ್ಲಿ ಅವಳದು ಒಂದೇ ಮಾತು: ‘ಕೊಟ್ರೆ ಕೊಡಿ, ಇಲ್ಲದಿದ್ರೆ ಬೇಡ, ನಂಗೇನಂತೆ.’ ಹಾಗೆಂದು ಹೆಗಲು ಕುಣಿಸಿ ಪೊರಕೆ ಎತ್ತಿಕೊಳ್ಳುವುದನ್ನು ಬೇಕಾದಷ್ಟು ಸಲ ನೋಡಿದ್ದೆ. ಈ ಸಲ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಕತ್ತು ಕೆಂಪಾಗಿತ್ತು.

‘ನಂಗೆ ಆ ಜಾಗ ಬೇಕು ರಾಸ್. ಬಂದ ದಿನದಿಂದ ಬೇಕು. ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಕುರಿ ಒದ್ರೆ ಬೀಳ್ತೀನಿ, ನಿಧಾನಾನೂ ಆಗುತ್ತೆ. ಆದ್ರೂ ಬೇಕು.’

ರಾಸ್ ಅವಳನ್ನು ನೋಡಿದ, ಹೋನೆಯನ್ನು ನೋಡಿದ, ಮಿಕ್ಕವರನ್ನು ನೋಡಿದ. ಯಾರೂ ತಮ್ಮ ಯಂತ್ರ ಚಾಲೂ ಮಾಡಿರಲಿಲ್ಲ. ‘ಇವತ್ತೊಂದು ದಿನ,’ ಅಂದ. ‘ಚರ್ಮ ಕುಯ್ದರೆ ಅಲ್ಲಿಗೇ ನಿಲ್ಲಿಸ್ತೀನಿ.’

ಅವಳು ಮೊದಲ ಕುರಿಯನ್ನು ಎಳೆದು ತರುವಾಗಲೇ ಅಂಗಾತ ಬಿದ್ದಳು. ಕುರಿ ಅವಳ ಹೊಟ್ಟೆಯ ಮೇಲೆ ಹಾದು ಅರ್ಧ ಶೆಡ್ಡು ಓಡಿತು. ಡೆಸ್ ಹಿಡಿದು ತಂದ. ಮರ್ವ್ ಮೂಟೆಗೆ ಒರಗಿಕೊಂಡೇ ಕೂಗಿದ: ‘ಕೈಲಿ ಹಿಡೀಬೇಡ್ವೇ! ಮಂಡಿ! ಮಂಡೀಲಿ ಹಿಡಿ. ಅದು ಆರಾಮಾಗಿ ಕೂತ್ರೆ ಒದೆಯಲ್ಲ. ಪಾದ ತಿರುಗಿಸು, ಇನ್ನೂ ತಿರುಗಿಸು. ಹಾಂ, ಈಗ ಕತ್ತರಿ ಉದ್ದಕ್ಕೆ ಎಳಿ.’ ಆ ಕುರಿ ಮುಗಿಯುವಷ್ಟರಲ್ಲಿ ಹೋನೆ ಮೂರು ಮುಗಿಸಿದ್ದ. ಆದರೆ ಅವಳು ಕತ್ತರಿಸಿದ ಉಣ್ಣೆ ಒಂದೇ ಹಾಳೆಯಂತೆ ಬಿತ್ತು, ಚರ್ಮದ ಮೇಲೆ ಒಂದು ಗೀರೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಅವಳಿಗೆ ಚಮಚ ಹಿಡಿಯಲಾಗುತ್ತಿರಲಿಲ್ಲ, ಬೆರಳು ಊದಿಕೊಂಡಿದ್ದವು. ನಾನು ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟು ಇಟ್ಟೆ. ಕೈ ಮುಳುಗಿಸಿಕೊಂಡು ಅತ್ತಳು, ಯಾರಿಗೂ ಮರೆಮಾಡದೆ. ಹೋನೆ ಅವಳ ಮಾಂಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿಕೊಟ್ಟ. ಗಂಟೆ ಹೊಡೆದಾಗ ಕಣ್ಣೊರೆಸಿಕೊಂಡು ಎಲ್ಲರಿಗಿಂತ ಮೊದಲು ಎದ್ದಳು.

ಸಂಜೆ ರಾಸ್ ಅವಳು ಉಣ್ಣೆ ತೆಗೆದ ಕುರಿಗಳ ದೊಡ್ಡಿಯ ಬಳಿ ನಿಂತು ಬಹಳ ಹೊತ್ತು ನೋಡಿದ. ‘ನಾಳೆಯೂ ನಿಲ್ಲು,’ ಎಂದಷ್ಟೇ ಹೇಳಿ ಗಾಡಿ ಹತ್ತಿದ. ಮರ್ವ್‌ನನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಮಲಗಿಸಿಕೊಂಡು ಅವನೇ ಡಬ್ಬೊದ ಆಸ್ಪತ್ರೆಗೆ ಕರೆದೊಯ್ದ.

ಆ ಶೆಡ್ಡಿನ ಕೆಲಸ ಮುಗಿಸಿ ವಿಲ್ಕೇನಿಯಾದ ಪಬ್ಬಿಗೆ ಹೋದಾಗ ಸುದ್ದಿ ನಮಗಿಂತ ಮುಂಚೆ ಅಲ್ಲಿ ತಲುಪಿತ್ತು. ಇನ್ನೊಂದು ತಂಡದವನೊಬ್ಬ ಮೇಜಿನಾಚೆಯಿಂದ ಕೂಗಿದ: ‘ಏನ್ರೋ, ಮಳೇಲಿ ಗೊಂಬೆ ಸಿನಿಮಾ ನೋಡ್ಕೊಂಡು ಕೂತಿದ್ರಂತೆ? ಗೂಳಿ ಅತ್ತನಂತೆ?’

‘ಅವನು ಅಳಲಿಲ್ಲ, ಅತ್ತಿದ್ದು ನಾನು. ಕತ್ತೆ ಕಳೆದುಹೋದಾಗ,’ ಅಂದ ಡೆಸ್, ಬಿಯರು ಕೆಳಗಿಡದೆ. ‘ನಿಮ್ಮ ಶೆಡ್ಡಲ್ಲಿ ಏನು ನೋಡಿದ್ರಿ?’

‘ನಮ್ಮದರಲ್ಲಿ ಟಿವಿ ಇಲ್ಲ.’

‘ಪಾಪ,’ ಅಂದ ಡೆಸ್. ಕೇಳಿದವನು ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೇ ಬಂದ. ತನ್ನ ಮಗಳೂ ಅದನ್ನೇ ನೋಡುತ್ತಾಳೆ, ಪ್ರವಾಹ ಆದ ಮೇಲೆ ಏನಾಯಿತು ಎಂದು ತನಗೆ ಗೊತ್ತಿಲ್ಲ, ಕೆಲಸಕ್ಕೆ ಹೊರಡಬೇಕಾಯಿತು ಎಂದು ತಗ್ಗಿದ ದನಿಯಲ್ಲಿ ಅಂದ. ಹೋನೆ ಅವನಿಗೆ ಪೂರ್ತಿ ಹೇಳಿದ.

ಮರ್ವ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಕಾಲು ಉಳಿಯಿತು, ಕತ್ತರಿ ಹೋಯಿತು. ಆ ದಿನಗಳು ಅವನಿಗೆ ಸುಲಭವಾಗಿರಲಿಲ್ಲ. ತನ್ನ ಹೆಸರಿನ ಅರ್ಧವೇ ಹೋದಂತಾಯಿತು ಎಂದು ನನಗೊಮ್ಮೆ ಫೋನಿನಲ್ಲಿ ಹೇಳಿದ. ಹೋದ ವರ್ಷದಿಂದ ಡಬ್ಬೊದಲ್ಲಿ ಹೊಸಬರಿಗೆ ಕತ್ತರಿಸುವುದನ್ನು ಕಲಿಸುತ್ತಿದ್ದಾನೆ. ರಾಸ್‌ನ ತಂಡದಲ್ಲಿ ಈಗ ತಾರ್ನಿಯ ಜೊತೆ ಇನ್ನಿಬ್ಬರು ಹುಡುಗಿಯರಿಗೆ ಖಾಯಂ ಜಾಗವಿದೆ. ಹೆಂಗಸರ ಕೈ ನಾಜೂಕು, ಉಣ್ಣೆ ಹಾಳಾಗುವುದಿಲ್ಲ, ತಾನು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆ ಎಂದು ರಾಸ್ ಎಲ್ಲರೆದುರೂ ಹೇಳುತ್ತಾನೆ. ನಾವು ತಿದ್ದಲು ಹೋಗುವುದಿಲ್ಲ.

ಒಮ್ಮೆ ಡಬ್ಬೊಗೆ ಹೋದಾಗ ಮರ್ವ್‌ನ ತರಬೇತಿ ಶೆಡ್ಡಿಗೆ ಹೋಗಿದ್ದೆ. ಕಲಿಯುವವರಲ್ಲಿ ಅರ್ಧದಷ್ಟು ಹುಡುಗಿಯರು. ಮರ್ವ್ ಕೋಲು ಊರಿಕೊಂಡು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಓಡಾಡುತ್ತಿದ್ದ. ಎಲ್ಲರ ಪಾದಗಳನ್ನೂ ನೋಡುತ್ತಿದ್ದ, ಎಲ್ಲರಿಗೂ ಒಂದೇ ಸಮ ಬೈಯುತ್ತಿದ್ದ.